ಬೆನ್ನಿಗೆ ಬ್ಯಾಗು, ಸೊಂಟಕ್ಕೆ ಕತ್ತಿ: ಕಾಡುದಾರಿಯಲ್ಲಿ ದೊಡ್ಡ ಕತ್ತಿ ಒಯ್ಯುವ ಕ್ರಮ

ಮಳೆಗಾಲ ಮುಗಿದು ಬೆಟ್ಟದ ದಾರಿ ಬಿಟ್ಟುಕೊಳ್ಳುತ್ತಿದ್ದ ಹಾಗೆ ನನ್ನ ಹತ್ತಿರ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಅವೇ. ಅಬ್ಬಿಯಿಂದ ಮನೆಗೆ ನೀರು ತರುವ ಪೈಪು ನೋಡಿಕೊಂಡು ಬರಲು ಹೋದವರು, ಸೊಪ್ಪಿನ ಬೆಟ್ಟದ ಗಡಿ ಸವರಲು ಹೊರಟವರು, ಊರಿಗೆ ಮರಳಿ ಬಂದು ಹಳೆಯ ಕಾಲುದಾರಿಗಳನ್ನು ಮತ್ತೆ ಬಿಡಿಸುತ್ತಿರುವ ಹುಡುಗರು, ಎಲ್ಲರದ್ದೂ ಒಂದೇ ಕಷ್ಟ. ಕತ್ತಿ ತೊಡೆಗೆ ಬಡಿಯುತ್ತದೆ. ಪ್ಯಾಂಟು ಜಾರುತ್ತದೆ. ಬ್ಯಾಗಿನ ಸೊಂಟಪಟ್ಟಿ ಹಾಕಿದರೆ ಹಿಡಿ ಪಕ್ಕೆಗೆ ಒತ್ತುತ್ತದೆ. ಅರ್ಧ ದಾರಿಯಲ್ಲಿ ಬೇಸತ್ತು ಕತ್ತಿಯನ್ನು ಕೈಯಲ್ಲೇ ಹಿಡಿದು ನಡೆಯುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ಇವರಲ್ಲಿ ಹೆಚ್ಚಿನವರು ಕೆಲಸವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಕತ್ತಿಯನ್ನು ಎಲ್ಲಿ ಕಟ್ಟಬೇಕೆಂದು ನೋಡುತ್ತಾರೆ, ಒರೆಯ ಯೋಚನೆ ಕೊನೆಗೆ ಬರುತ್ತದೆ. ಆಗಬೇಕಾದ್ದು ಹೀಗೆ: ಕತ್ತಿಯ ಅಳತೆ, ಆ ಅಳತೆಗೆ ಒರೆ, ಒರೆಗೆ ಜಾಗ, ಕೊನೆಗೆ ಬ್ಯಾಗು. ಈ ಬರಹದಲ್ಲಿ ಕತ್ತಿ ಎಂದರೆ ಹತ್ತರಿಂದ ಹನ್ನೆರಡು ಇಂಚು ಅಲಗಿನ, ಮುಕ್ಕಾಲು ಕಿಲೋ ಆಸುಪಾಸು ತೂಗುವ ಮಲೆನಾಡಿನ ಕತ್ತಿ ಅಥವಾ ಮಚ್ಚು. ಅಡುಗೆಮನೆಯ ಚಾಕುವಿಗೆ ಇಷ್ಟೆಲ್ಲ ಬೇಡ.

ಹಂತ 1: ಒಯ್ಯಬಹುದೇ ಎಂದು ಮೊದಲು ಕೇಳಿಕೊಳ್ಳಿ

ಕುಮಾರ ಪರ್ವತ, ಕೊಡಚಾದ್ರಿ, ಕುದುರೆಮುಖ ಚಾರಣಕ್ಕೆ ಹೊರಟಿದ್ದರೆ ಕತ್ತಿ ಮನೆಯಲ್ಲೇ ಇರಲಿ. ಇವೆಲ್ಲ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ದಾರಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಆ ಕಾಯ್ದೆಯ ಅರ್ಥವಿವರಣೆಯಲ್ಲಿ ಚಾಕು ಕೂಡ ಆಯುಧವೇ. "ಬಳ್ಳಿ ಕಡಿಯೋಕೆ ತಂದಿದ್ದು ಸಾರ್" ಎಂದರೆ ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ. ಅಲ್ಲಿ ಸವರಿದ ದಾರಿ ಇದೆ, ಕತ್ತಿಯ ಅಗತ್ಯವೂ ಇಲ್ಲ. ಮೀಸಲು ಅರಣ್ಯದಲ್ಲಿ ಮರ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆಗೆ, ಕೃಷಿಗೆ ಎಂದು ಮಾಡಿದವು ಅದರಿಂದ ಹೊರಗೆ. ತೋಟದ ಕತ್ತಿ ಕೃಷಿ ಸಾಧನ, ನಿಜ. ಹಾಗೆಂದು ಸೊಂಟದಲ್ಲಿ ಕತ್ತಿ ತೂಗಿಸಿಕೊಂಡು ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬಾರದು. ವಾಹನದಲ್ಲಿ ಹೋಗುವಾಗ ಒರೆಯ ಸಮೇತ ಗೋಣಿಚೀಲದಲ್ಲಿ ಸುತ್ತಿ ಸೀಟಿನಡಿ ಅಥವಾ ಡಿಕ್ಕಿಯಲ್ಲಿಡಿ. ಸೊಂಟಕ್ಕೆ ಕಟ್ಟುವುದು ಕಾಲುದಾರಿ ಶುರುವಾದ ಮೇಲೆ.

ಮುಂದಿನದೆಲ್ಲ ನಿಮ್ಮ ಜಮೀನು, ನಿಮ್ಮ ಹಕ್ಕಿನ ಬೆಟ್ಟ, ಅನುಮತಿ ಇರುವ ದಾರಿಗೆ ಮಾತ್ರ.

ಹಂತ 2: ಕತ್ತಿಯನ್ನು ಅಳೆಯಿರಿ

ಬೇಕಾದ್ದು ಟೇಪು, ಅಡುಗೆಮನೆಯ ತಕ್ಕಡಿ, ಒಂದು ಪೆನ್ಸಿಲ್. ಅಲಗಿನ ಉದ್ದ, ಅತಿ ಅಗಲದ ಜಾಗ, ಬೆನ್ನಿನ ದಪ್ಪ, ಹಿಡಿ ಸೇರಿ ಒಟ್ಟು ಉದ್ದ, ತೂಕ. ಇಷ್ಟನ್ನೂ ಬರೆದುಕೊಳ್ಳಿ. ನನ್ನದು 720 ಗ್ರಾಂ, ಒಟ್ಟು 43 ಸೆಂಟಿಮೀಟರ್.

ಮೊನೆಯ ಆಕಾರವನ್ನೂ ನೋಡಿ. ನೇರ ಅಲಗಿನ ಮಚ್ಚಾದರೆ ಒರೆಗೆ ಮೇಲಿನಿಂದ ಇಳಿಯುತ್ತದೆ. ಕೊಕ್ಕಿನಂತೆ ಬಾಗಿದ ಕತ್ತಿ ಯಾವ ಕಿರಿದಾದ ಒರೆಯ ಬಾಯಿಗೂ ಹೋಗುವುದಿಲ್ಲ. ಅಂಗಡಿಯಲ್ಲಿ ಕಂಡ ಒರೆಯನ್ನು ತಂದು ಬಾಗುಗತ್ತಿಯನ್ನು ತುರುಕಲು ನೋಡಿ, ಕೊನೆಗೆ ಒರೆಯನ್ನೇ ಸೀಳಿಕೊಂಡವರನ್ನು ಎಷ್ಟೋ ನೋಡಿದ್ದೇನೆ.

ಹಿಡಿ ಅಲುಗಾಡುತ್ತಿದೆಯೇ? ಹಾಗಿದ್ದರೆ ಇಲ್ಲೇ ನಿಲ್ಲಿಸಿ, ಕಮ್ಮಾರರ ಹತ್ತಿರ ಹೋಗಿ ಬನ್ನಿ. ಸಡಿಲ ಹಿಡಿಯ ಕತ್ತಿಗೆ ಎಂಥ ಒರೆ ಮಾಡಿದರೂ ಪ್ರಯೋಜನವಿಲ್ಲ.

ಹಂತ 3: ಒರೆ

ಒರೆ ಸರಿಯಿಲ್ಲದಿದ್ದರೆ ಬೆಟ್ಟದಲ್ಲಿ ಗಾಯವಾಗುತ್ತದೆ, ಹಾಗಾಗಿ ಈ ಹಂತಕ್ಕೆ ಒಂದು ಇಡೀ ದಿನ ಕೊಡಿ. ಒರೆಯಿಂದ ನಾಲ್ಕು ಕೆಲಸ ಆಗಬೇಕು. ಬಾಯಿ, ಅಂದರೆ ಹರಿತದ ಅಂಚು, ಒರೆಯನ್ನು ಕೊಯ್ಯಬಾರದು. ಬಿದ್ದರೂ ಕತ್ತಿ ಹೊರಬರಬಾರದು. ಮಳೆನೀರು ಒಳಗೆ ನಿಲ್ಲಬಾರದು. ಒಂದೇ ಕೈಯಲ್ಲಿ ಎಳೆಯಲು ಬರಬೇಕು.

ಆರು ವರ್ಷದ ಹಿಂದೆ ಆಷಾಢದಲ್ಲಿ ಪೈಪು ನೋಡಲು ಹೋಗಿದ್ದೆ. ಜಂಬಿಟ್ಟಿಗೆಯ ಇಳಿಜಾರಿನಲ್ಲಿ ಪಾಚಿಯ ಮೇಲೆ ಕಾಲು ಜಾರಿ ಬಲಮಗ್ಗುಲಿಗೆ ಬಿದ್ದೆ. ಎದ್ದು ನೋಡಿದರೆ ಪ್ಯಾಂಟು ಎರಡು ಬೆರಳಗಲ ಸೀಳಿತ್ತು. ಚರ್ಮ ಉಳಿದದ್ದು ಪುಣ್ಯ. ಹೊಲಿದ ಚರ್ಮದ ಒರೆ ಅದು, ನೋಡಲು ಚೆಂದವಿತ್ತು. ಮನೆಗೆ ಬಂದು ಹೊಲಿಗೆ ಬಿಚ್ಚಿ ನೋಡಿದಾಗ ಗೊತ್ತಾಯಿತು, ಬಾಯಿಯ ಕಡೆಯ ದಾರವನ್ನು ಕತ್ತಿ ಎಷ್ಟೋ ದಿನದಿಂದ ಒಂದೊಂದೇ ಎಳೆಯಾಗಿ ಕೊಯ್ಯುತ್ತಾ ಬಂದಿತ್ತು. ಕೊನೆಯ ಮೂರು ಹೊಲಿಗೆ ಮಾತ್ರ ಆ ದಿನಕ್ಕೆ ಬಾಕಿ ಇದ್ದವು. ಹರಿತ ದಾರಕ್ಕೆ ತಾಗದಂತೆ ಎರಡು ಚರ್ಮದ ನಡುವೆ ಇಡುವ ಅಡ್ಡಪಟ್ಟಿಯೇ ಇರಲಿಲ್ಲ. ನಾನು ಒರೆ ನೋಡಿದಾಗೆಲ್ಲ ಮೊದಲು ಆ ಪಟ್ಟಿ ಹುಡುಕುವುದು ಇದೇ ಕಾರಣಕ್ಕೆ.

*ಅಡಿಕೆ ಹಾಳೆಯ ಒರೆ.* ನೇರ ಅಲಗಿಗೆ ಒಂದು ಹಂಗಾಮಿನ ಮಟ್ಟಿಗೆ ಇದಕ್ಕಿಂತ ಹಗುರವಾದ್ದಿಲ್ಲ.

1. ಹೊಸದಾಗಿ ಬಿದ್ದ, ಸೀಳಿಲ್ಲದ ಹಾಳೆ ಆರಿಸಿ. ಮೆತ್ತಗಾಗುವ ತನಕ ನೀರಲ್ಲಿ ನೆನೆಹಾಕಿ.
2. ಉದ್ದಕ್ಕೆ ಮಡಚಿ. ಮಡಿಕೆ ಬರಬೇಕಾದ್ದು ಕತ್ತಿಯ ಬೆನ್ನಿನ ಕಡೆಗೆ. ಬಾಯಿಯ ಕಡೆಗೆ ಮಡಿಕೆ ಬಂದರೆ ವಾರದಲ್ಲಿ ಕೊಯ್ದು ಹೋಗುತ್ತದೆ.
3. ಬಾಯಿಯ ಕಡೆ ಎರಡು ಪದರದ ನಡುವೆ ಕಿರುಬೆರಳಗಲದ ಬಿದಿರಿನ ಸೀಳು ಇಡಿ. ಇದೇ ಅಡ್ಡಪಟ್ಟಿ. ಹರಿತದ ಅಂಚು ಬಿದಿರಿಗೆ ತಾಗಿ ನಿಲ್ಲಬೇಕು, ದಾರಕ್ಕೆ ತಾಗಬಾರದು.
4. ಬಿದಿರಿನ ಹೊರಗಡೆ ದಪ್ಪ ನೈಲಾನ್ ದಾರದಿಂದ ಹೊಲಿಯಿರಿ. ಗೋಣಿಸೂಜಿ ಸಾಕು. ಕೆಳತುದಿಯಲ್ಲಿ ನೀರಿಳಿಯಲು ಬೆರಳಗಲ ಹೊಲಿಯದೆ ಬಿಡಿ.
5. ಅಲಗಿನ ದಪ್ಪದ ಮರದ ತುಂಡು ಒಳಗಿಟ್ಟು, ಮೇಲೆ ಭಾರ ಹೇರಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸುರುಳಿಯಾಗುತ್ತದೆ.

*ಪಿವಿಸಿ ಪೈಪಿನ ಒರೆ.* ಮಳೆಗಾಲಕ್ಕೂ ಆಗಿಬರುವುದು ಇದು. ದುಂಡು ಪೈಪನ್ನು ಚಪ್ಪಟೆ ಮಾಡಿದಾಗ ಅದರ ಅಗಲ ಹೊರವ್ಯಾಸದ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹೊರವ್ಯಾಸ 40 ಮಿಲಿಮೀಟರ್ ಇರುವ ಪೈಪು 60ರ ಆಸುಪಾಸಿಗೆ ಬರುತ್ತದೆ, ಗೋಡೆಯ ದಪ್ಪ ಕಳೆದರೆ 50 ಮಿಲಿಮೀಟರ್ ಅಗಲದ ಅಲಗಿಗೆ ಸರಿ. ಅಲಗಿಗಿಂತ ಎರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಕುದಿಯುವ ನೀರಿನಲ್ಲಿ ಅದ್ದಿದರೆ ಸಾಕು. ಅಡುಗೆಗೆ ಬಳಸದ ಹಂಡೆ ಇರಲಿ, ಕೈಗೆ ದಪ್ಪ ಗ್ಲೌಸ್ ಇರಲಿ. ಮೆತ್ತಗಾದದ್ದನ್ನು ಎರಡು ಹಲಗೆ ನಡುವೆ ಒತ್ತಿ, ಒಳಗೆ ಅಲಗಿಗಿಂತ ತುಸು ದಪ್ಪದ ಪಟ್ಟಿ ಇಟ್ಟು, ಪೂರ್ತಿ ಆರುವ ತನಕ ಬಿಡಬೇಡಿ. ಒಲೆಯ ಬೆಂಕಿಗೆ ನೇರ ಹಿಡಿಯಬಾರದು. ಸುಟ್ಟ ಪಿವಿಸಿಯ ಹೊಗೆಯಲ್ಲಿ ಶ್ವಾಸಕೋಶ ಸುಡುವ ಆಮ್ಲದ ಅಂಶ ಇರುತ್ತದೆ. ಕೆಳತುದಿಗೆ ಒಂದು ಬೋಲ್ಟ್ ಹಾಕಿ, ಪಕ್ಕದಲ್ಲಿ ಎರಡು ತೂತು ಬಿಡಿ.

*ಬಾಗುಗತ್ತಿಗೆ.* ಇದಕ್ಕೆ ಬೆನ್ನಿನ ಕಡೆ ತೆರೆದ ಒರೆ ಬೇಕು. ಅದು ಸಿಗುವ ತನಕ ಹಳೆಯ ನೀರಿನ ಹೋಸ್ ಪೈಪನ್ನು ಉದ್ದಕ್ಕೆ ಸೀಳಿ ಬಾಯಿಯ ಮೇಲೆ ಕೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಮೂರು ಕಡೆ ಬಿಗಿಯಿರಿ. ಹೀಗೆ ಮುಚ್ಚಿದ ಕತ್ತಿಯನ್ನು ಬ್ಯಾಗಿಗೆ ಕಟ್ಟಬಹುದು, ಸೊಂಟಕ್ಕೆ ಮಾತ್ರ ಬೇಡ.

ಯಾವ ಒರೆಯೇ ಆಗಲಿ, ಹಿಡಿಯನ್ನು ಸುತ್ತಿ ಹಿಡಿಯುವ ಒಂದು ಪಟ್ಟಿ, ಅದಕ್ಕೆ ಒತ್ತುಗುಂಡಿ ಅಥವಾ ಬಕಲ್ ಇರಲೇಬೇಕು. ಪಟ್ಟಿ ಬಿಗಿದು, ಒರೆಯನ್ನು ತಲೆಕೆಳಗು ಹಿಡಿದು, ಹಾಸಿಗೆಯ ಮೇಲೆ ಹತ್ತು ಸಲ ಜೋರಾಗಿ ಕೊಡವಿ. ಕತ್ತಿ ಒಂದು ಇಂಚು ಜಾರಿದರೂ ಆ ಒರೆ ಬೆಟ್ಟಕ್ಕೆ ಬೇಡ.

ಹಂತ 4: ಎಲ್ಲಿ ಕಟ್ಟುವುದು

ಊರಿನ ಹಿರಿಯರು ಸೊಂಟದ ಹಿಂಬದಿಯ ಕೊಕ್ಕೆಯಲ್ಲಿ ಬರಿಯ ಕತ್ತಿ ಸಿಕ್ಕಿಸಿಕೊಂಡು ದಿನವಿಡೀ ಓಡಾಡುತ್ತಾರೆ. ಕೊಡಗಿನ ಒಡಿಕತ್ತಿಯೂ ಬೆನ್ನ ಹಿಂದೆ ತೊಡಂಗ್ ಎನ್ನುವ ಕೊಕ್ಕೆಯಲ್ಲೇ ಕೂರುವುದು. ಅವರಿಗೆ ಅದು ಸುಲಭವಾದದ್ದು ಬೆನ್ನ ಮೇಲೆ ಬ್ಯಾಗಿಲ್ಲದ್ದರಿಂದ. ಬ್ಯಾಗಿನ ತಳ ಕೂರುವುದು ಸರಿಯಾಗಿ ಅದೇ ಜಾಗದಲ್ಲಿ. ಹಿಂದಕ್ಕೆ ಬಿದ್ದರೆ ಬ್ಯಾಗಿನ ಭಾರ ಕತ್ತಿಯನ್ನು ಬೆನ್ನುಮೂಳೆಗೆ ಒತ್ತುತ್ತದೆ. ಬ್ಯಾಗು ಹಾಕಿದ ದಿನ ಹಿಂಬದಿಯ ಕೊಕ್ಕೆ ಮರೆತುಬಿಡಿ.

ಉಳಿದದ್ದು ಎರಡು ದಾರಿ.

*ಹೆಗಲಿನಿಂದ ಇಳಿಬಿಡುವುದು.* ನಾನು ಹೆಚ್ಚು ನಂಬುವುದು ಇದನ್ನು. ಒಂದೂವರೆ ಇಂಚು ಅಗಲದ ನೈಲಾನ್ ಪಟ್ಟಿಯನ್ನು ಜನಿವಾರದ ಹಾಗೆ ಎಡಹೆಗಲಿನಿಂದ ಬಲಸೊಂಟಕ್ಕೆ ಹಾಕಿ, ಅದರ ತುದಿಗೆ ಒರೆ ತೂಗಿಸಿ. ಎಡಗೈಯವರು ಇದನ್ನೇ ತಿರುವುಮುರುವು ಮಾಡಿಕೊಳ್ಳಿ. ಭಾರವೆಲ್ಲ ಹೆಗಲಿಗೆ ಹೋಗುವುದರಿಂದ ಪ್ಯಾಂಟು ಜಾರುವುದಿಲ್ಲ. ಒರೆ ತೂಗಾಡದಂತೆ ಸೊಂಟಕ್ಕೆ ಒಂದು ಸಡಿಲ ಪಟ್ಟಿ, ತೊಡೆಗೆ ಒಂದು ಹಗ್ಗ ಸಾಕು. ತೊಡೆಯ ಹಗ್ಗದೊಳಗೆ ಎರಡು ಬೆರಳು ಆರಾಮವಾಗಿ ಹೋಗಬೇಕು. ಹತ್ತುವಾಗ ತೊಡೆ ಉಬ್ಬುತ್ತದೆ, ಬಿಗಿದಿದ್ದರೆ ರಕ್ತ ಸಂಚಾರಕ್ಕೆ ತಡೆ.

ಎತ್ತರ ಹೀಗೆ ನೋಡಿ: ಹಿಡಿಯ ತುದಿ ಬ್ಯಾಗಿನ ಸೊಂಟಪಟ್ಟಿಯ ಕೆಳಅಂಚಿಗಿಂತ ಎರಡು ಬೆರಳು ಕೆಳಗೆ, ಒರೆಯ ತುದಿ ಮೊಣಕಾಲ ಕೀಲಿಗಿಂತ ನಾಲ್ಕು ಬೆರಳು ಮೇಲೆ. ಎರಡೂ ಒಟ್ಟಿಗೆ ಹೊಂದದಿದ್ದರೆ ನಿಮ್ಮ ಎತ್ತರಕ್ಕೆ ಆ ಕತ್ತಿ ಉದ್ದವಾಯಿತು ಎಂದರ್ಥ, ಅದು ಬ್ಯಾಗಿನ ಪಕ್ಕಕ್ಕೆ ಹೋಗಲಿ. ಒರೆ ಹೊರತೊಡೆಯ ಮೇಲೇ ಇರಬೇಕು, ಮುಂದಕ್ಕೆ ಬರಬಾರದು. ಒಳತೊಡೆಯಲ್ಲಿ ಕಾಲಿನ ದೊಡ್ಡ ರಕ್ತನಾಳ ಇದೆ. ಅಲ್ಲಿ ಕೊಯ್ದರೆ ಆಸ್ಪತ್ರೆ ತಲುಪುವಷ್ಟು ಹೊತ್ತು ಸಿಗದೇ ಹೋಗಬಹುದು.

ಪ್ಯಾಂಟಿನ ಬೆಲ್ಟಿಗೇ ಒರೆ ತೂರಿಸುವುದು ಎಲ್ಲರೂ ಮಾಡುವ ತಪ್ಪು. ಮುಕ್ಕಾಲು ಕಿಲೋ ಒಂದೇ ಕಡೆ ಎಳೆಯುವಾಗ ಬೆಲ್ಟನ್ನು ಇನ್ನೊಂದು ತೂತು ಬಿಗಿಯುತ್ತಾರೆ. ಅದರ ಮೇಲೆ ಬ್ಯಾಗಿನ ಸೊಂಟಪಟ್ಟಿ ಕೂರುತ್ತದೆ. ಸಂಜೆ ಹೊತ್ತಿಗೆ ಹೊರತೊಡೆ ಜೋಮು ಹಿಡಿದು ಉರಿಯಲು ಶುರು. ತೊಡೆಯ ಹೊರಚರ್ಮಕ್ಕೆ ಹೋಗುವ ನರ ಸೊಂಟದ ಮುಂಭಾಗದ ಮೂಳೆಯ ಹತ್ತಿರವೇ ಹಾದು ಹೋಗುತ್ತದೆ, ಬಿಗಿಪಟ್ಟಿ ಅದನ್ನು ಒತ್ತುವುದರಿಂದ ಹೀಗಾಗುತ್ತದೆ.

*ಬ್ಯಾಗಿನ ಪಕ್ಕ.* ದಾರಿ ಸವರುವ ಕೆಲಸ ತುದಿಯಲ್ಲಿ ಮಾತ್ರ ಇದೆ, ನಡುವೆ ಬರೀ ನಡಿಗೆ ಎಂದಾದರೆ ಇದೇ ಒಳ್ಳೆಯದು. ಒರೆಯ ತಳ ನೀರಿನ ಬಾಟಲಿಯ ಜೇಬಿನಲ್ಲಿ, ಮೊನೆ ಕೆಳಗೆ, ಬ್ಯಾಗಿನ ಪಕ್ಕದ ಎರಡೂ ಪಟ್ಟಿಗಳು ಒರೆಯ ಸುತ್ತ ಬಿಗಿಯಾಗಿ. ಇನ್ನೊಂದು ಪಕ್ಕದಲ್ಲಿ ಒಂದು ಲೀಟರ್ ನೀರು ಇಟ್ಟರೆ ತೂಕ ಸರಿಹೋಗುತ್ತದೆ. ಬ್ಯಾಗು ಇಳಿಸದೆ ಕತ್ತಿ ಎಳೆಯಬಾರದು. ಹಿಂದಿನಿಂದ ಬರುವವರಿಗೆ "ಸ್ವಲ್ಪ ತೆಗೆದುಕೊಡೋ" ಎನ್ನಲೂ ಬಾರದು.

ಹಂತ 5: ಹಾಕುವ ಕ್ರಮ, ಬಿಚ್ಚುವ ಕ್ರಮ

ಹಾಕುವಾಗ ಕತ್ತಿ ಮೊದಲು, ಬ್ಯಾಗು ಆಮೇಲೆ. ಬಿಚ್ಚುವಾಗ ಬ್ಯಾಗು ಮೊದಲು, ಕತ್ತಿ ಆಮೇಲೆ. ಕತ್ತಿಯ ಪಟ್ಟಿ ಬ್ಯಾಗಿನ ಪಟ್ಟಿಯ ಕೆಳಗೆ ಹೋಗಬೇಕು. ತಿರುಗಾಮುರುಗಾ ಆದರೆ ಹಳ್ಳದ ನಡುವೆ ಕಾಲು ತಪ್ಪಿದಾಗ ಬ್ಯಾಗು ಕಳಚಿ ಬೀಳುವುದಿಲ್ಲ, ಕತ್ತಿಯ ಪಟ್ಟಿಗೆ ಸಿಕ್ಕಿಕೊಂಡು ನಿಮ್ಮನ್ನೂ ಎಳೆಯುತ್ತದೆ.

ಕಟ್ಟಿಯಾದ ಮೇಲೆ ಬ್ಯಾಗಿನ ಹೆಗಲಪಟ್ಟಿಯ ಕೆಳಗೆ ಕೈಯಾಡಿಸಿ. ಕತ್ತಿಯ ಪಟ್ಟಿಯ ಬಕಲ್ ಅಲ್ಲಿ ಸಿಕ್ಕಿದ್ದರೆ ಎದೆಯ ಮೇಲಕ್ಕೆ ಜರುಗಿಸಿ. ಮನೆಯಲ್ಲಿ ಅದು ಒತ್ತುವುದು ಗೊತ್ತೇ ಆಗುವುದಿಲ್ಲ, ಎರಡನೇ ಗಂಟೆಗೆ ಚರ್ಮ ಕೆಂಪಾಗಿರುತ್ತದೆ.

ಹಂತ 6: ಮನೆಯಂಗಳದಲ್ಲೇ ಪರೀಕ್ಷೆ

ಈ ಹಂತ ಹಾರಿಸಿದವರೇ ಮತ್ತೆ ದೂರು ತರುವವರು. ಬ್ಯಾಗಿಗೆ ನಿಜವಾದ ಭಾರ ತುಂಬಿ, ಮೊದಲ ಸುತ್ತಿಗೆ ಒರೆಯಲ್ಲಿ ಕತ್ತಿಯ ಬದಲು ಅದೇ ಅಳತೆಯ ಮರದ ತುಂಡು ಇಡಿ.

ಮೆಟ್ಟಿಲು ಹತ್ತಿ ಇಳಿಯಿರಿ. ಕುಕ್ಕರುಗಾಲಲ್ಲಿ ಕೂತು ಏಳಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ಬೇಲಿಯ ಉಣುಗೋಲು (ಅಡ್ಡಗೋಲು) ದಾಟುವ ಹಾಗೆ ಕಾಲೆತ್ತಿ ಹಾಕಿ. ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳಲು ಬಗ್ಗುತ್ತೀರಲ್ಲ, ಹಾಗೆ ಬಗ್ಗಿ ಪಾದ ಮುಟ್ಟಿ. ಕೊನೆಯದರಲ್ಲೇ ಹೆಚ್ಚಿನವರ ಹಿಡಿ ಹೊಟ್ಟೆಗೆ ಚುಚ್ಚುವುದು. ಆಮೇಲೆ ರಸ್ತೆಯಲ್ಲಿ ಮೂರು ಕಿಲೋಮೀಟರ್ ನಡೆದು ಬಂದು ಅಂಗಿ ತೆಗೆದು ಕೆಂಪಾದ ಜಾಗ ಹುಡುಕಿ. ಕೆಂಪು ಇರುವಲ್ಲಿ ಪಟ್ಟಿಯನ್ನು ಎರಡು ಬೆರಳು ಜರುಗಿಸಿ, ಮರುದಿನ ಮತ್ತೆ ನಡೆಯಿರಿ.

ಎಳೆದು ವಾಪಸ್ ಇಡುವುದನ್ನು ಇಪ್ಪತ್ತು ಸಲ ನಿಧಾನಕ್ಕೆ ಅಭ್ಯಾಸ ಮಾಡಿ. ಎಳೆಯುವಾಗ ಬಾಯಿ ನಿಮ್ಮಿಂದ ಆಚೆಗೆ ತಿರುಗಿರಬೇಕು. ಇನ್ನೊಂದು ಕೈ ಒರೆಯ ಮೇಲ್ತುದಿಯ ಪಟ್ಟಿಯನ್ನು ಹಿಡಿಯಲಿ, ಒರೆಯನ್ನೇ ಬೆರಳಲ್ಲಿ ಸುತ್ತಿ ಹಿಡಿಯಬಾರದು. ಹೊಲಿಗೆ ಬಿಟ್ಟ ಒರೆಯನ್ನು ಹಾಗೆ ಹಿಡಿದು ಎಳೆದರೆ ನಾಲ್ಕೂ ಬೆರಳು ಕೊಯ್ಯುತ್ತದೆ.

ಹಂತ 7: ದಾರಿಯಲ್ಲಿ

ಕಡಿಯುವಾಗ ನಿಲ್ಲಿ. ನಡೆಯುವಾಗ ಕತ್ತಿ ಒರೆಯಲ್ಲಿರಲಿ. ಲಂಟಾನದ ಮೆಳೆಯನ್ನು ನಡೆಯುತ್ತಲೇ ಬೀಸಿ ಸವರುವವರು ಒಂದಲ್ಲ ಒಂದು ದಿನ ತಮ್ಮ ಮೊಣಕಾಲಿಗೇ ಬೀಸಿಕೊಳ್ಳುತ್ತಾರೆ. ಬೆತ್ತದ ಬಳ್ಳಿ ಎಳೆದುಕೊಂಡು ಬಿಟ್ಟಾಗ ಕೈಯನ್ನು ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು.

ಸವರುವವರು ಮುಂದೆ, ಉಳಿದವರು ಕನಿಷ್ಠ ಹತ್ತು ಅಡಿ ಹಿಂದೆ. ಮಕ್ಕಳಿದ್ದರೆ ಇನ್ನೂ ಹಿಂದೆ, ಒಬ್ಬರು ಅವರ ಕೈಹಿಡಿದು. ಒರೆಗೆ ವಾಪಸ್ ಇಡುವಾಗ ಮಾತು ನಿಲ್ಲಿಸಿ, ಕಣ್ಣಿಟ್ಟು ನೋಡಿ ಇಡಿ. ಹಿಡಿಯ ಪಟ್ಟಿ ಹಾಕಿದ ಶಬ್ದ ಕೇಳಿದ ಮೇಲೆಯೇ ಹೆಜ್ಜೆ.

ಹಳ್ಳ ದಾಟುವಾಗ, ಸಂಕದ (ಕಿರುಸೇತುವೆಯ) ಮೇಲೆ, ಕಡಿದಾದ ಇಳಿಜಾರಿನಲ್ಲಿ ಕತ್ತಿ ಕೈಯಲ್ಲಿರಕೂಡದು. ನೀರಿಗಿಳಿಯುವ ಮೊದಲು ಬ್ಯಾಗಿನ ಸೊಂಟದ ಬಕಲ್ ಬಿಚ್ಚಿ, ತೊಡೆಯ ಹಗ್ಗವನ್ನೂ ಬಿಚ್ಚಿ. ಜಾರಿದರೆ ಬ್ಯಾಗನ್ನು ಕಳಚಬೇಕು, ಕಾಲು ಬೀಸಿ ಈಜಬೇಕು. ಬೇಲಿ ನುಸುಳುವಾಗ ಕತ್ತಿಯನ್ನು ಒರೆಸಮೇತ ಮೊದಲು ಆಚೆ ನೆಲಕ್ಕಿಟ್ಟು ಆಮೇಲೆ ನೀವು ದಾಟಿ. ಕೈಯಿಂದ ಕೈಗೆ ಕೊಡಬೇಕಾಗಿ ಬಂದರೂ ಇದೇ ರೀತಿ: ಒಬ್ಬರು ನೆಲಕ್ಕಿಡಲಿ, ಇನ್ನೊಬ್ಬರು ಎತ್ತಿಕೊಳ್ಳಲಿ.

ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿ

ನಡೆಯುವಾಗ ಒರೆಯೊಳಗೆ ಟಕ್ ಟಕ್ ಸದ್ದು ಬರುತ್ತಿದ್ದರೆ ಕತ್ತಿ ಸಡಿಲಾಗಿದೆ. ಹಾಳೆ ಒದ್ದೆಯಾಗಿ ಹಿಗ್ಗಿದಾಗ ಹೀಗಾಗುವುದುಂಟು. ಹಿಡಿಯ ಸುತ್ತ ಇನ್ನೊಂದು ದಾರ ಬಿಗಿದು, ಆ ದಿನಕ್ಕೆ ಕತ್ತಿಯನ್ನು ಬ್ಯಾಗಿನ ಪಕ್ಕಕ್ಕೆ ಸೇರಿಸಿ.

ಒರೆಯನ್ನು ಬೆಳಕಿಗೆ ಹಿಡಿದಾಗ ಬಾಯಿಯ ಕಡೆ ಕೂದಲೆಳೆಯಷ್ಟು ಬೆಳಕಿನ ಗೆರೆ ಕಂಡರೆ ಅದು ಸೀಳತೊಡಗಿದೆ. ಹೊಲಿಗೆಯ ಒಂದು ದಾರ ಹೊರಗೆ ಮೀಸೆಯಂತೆ ಎದ್ದಿದ್ದರೂ ಅಷ್ಟೇ. ನನ್ನ ಹಳೆಯ ಒರೆಯಲ್ಲಿ ಆ ಮೀಸೆ ಒಂದು ತಿಂಗಳಿಂದ ಕಾಣುತ್ತಿತ್ತು, ನಾನು ಕತ್ತರಿಯಲ್ಲಿ ಕತ್ತರಿಸಿ ಸುಮ್ಮನಾಗಿದ್ದೆ.

ತೊಡೆ ಜೋಮು ಹಿಡಿದರೆ ಬ್ಯಾಗು ಇಳಿಸಿ ಎಲ್ಲ ಪಟ್ಟಿ ಸಡಿಲಿಸಿ. ಒಂದೇ ಭುಜ ನೋಯುತ್ತಿದ್ದರೆ ಕತ್ತಿಯ ಪಟ್ಟಿ ಕುತ್ತಿಗೆಯ ಹತ್ತಿರ ಸರಿದಿದೆ, ಭುಜದ ತುದಿಯ ಕಡೆಗೆ ಜರುಗಿಸಿ.

ಕೊಯ್ದೇ ಹೋದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಜೋರಾಗಿ ಒತ್ತಿ ಹಿಡಿಯಿರಿ. ಎತ್ತಿ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು. ಕಾಫಿಪುಡಿ, ಅರಿಸಿನ, ಸೊಪ್ಪಿನ ರಸ ಯಾವುದೂ ಬೇಡ. ಒಬ್ಬರು 108ಕ್ಕೆ ಫೋನು ಮಾಡಲಿ. ಸಿಗ್ನಲ್ ಸಿಗುವ ದಿಬ್ಬ ಯಾವುದೆಂದು ಹೊರಡುವ ಮೊದಲೇ ಎಲ್ಲರಿಗೂ ಹೇಳಿಟ್ಟಿರಿ. ಕತ್ತಿಯ ಕೆಲಸಕ್ಕೆ ಒಬ್ಬರೇ ಬೆಟ್ಟ ಹತ್ತಬಾರದು ಎನ್ನುವುದು ಇದಕ್ಕೇ.

ಹಂತ 8: ಮನೆಗೆ ಬಂದ ಮೇಲೆ

ನಮ್ಮ ಕಮ್ಮಾರರು ಹೆಚ್ಚಾಗಿ ಲಾರಿಯ ಕಮಾನುಪಟ್ಟಿಯಿಂದ ಕತ್ತಿ ಮಾಡುತ್ತಾರೆ. ಒಳ್ಳೆಯ ಉಕ್ಕು, ಆದರೆ ಬೇಗ ತುಕ್ಕು ಹಿಡಿಯುತ್ತದೆ. ಹಲಸಿನ ಮೇಣ ಅಂಟಿದ್ದರೆ ತೆಂಗಿನೆಣ್ಣೆಯಲ್ಲಿ ಉಜ್ಜಿ ತೆಗೆಯಿರಿ. ಅಲಗನ್ನು ತೊಳೆದು, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ.

ಒರೆಯೊಳಗೆ ಕತ್ತಿಯನ್ನು ರಾತ್ರಿಯಿಡೀ ಬಿಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹಾಳೆಗೆ ಬೂಷ್ಟು ಬರುತ್ತದೆ. ಒರೆಯನ್ನು ತೆರೆದ ತುದಿ ಕೆಳಗೆ ಮಾಡಿ ಅಟ್ಟದ ಕೆಳಗೆ, ಒಲೆಯ ಹೊಗೆ ತಾಗುವಲ್ಲಿ ನೇತುಹಾಕಿ. ಕತ್ತಿಯನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಬೇರೆ ಇಡಿ. ಮರುದಿನ ಬೆಳಿಗ್ಗೆ ಒರೆ ಒಣಗಿದ ಮೇಲೆ ಬಾಯಿಯ ಕಡೆಯ ಹೊಲಿಗೆಯುದ್ದಕ್ಕೂ ಉಗುರಾಡಿಸಿ ನೋಡಿ.